ಅಪ್ಪಗ ಟಿಬಿ, ಕಫ ನೋಡ್ಲಾರ್ದ ಗುಳಿಗಿ ಚಾಲೂ ಮಾಡ್ಯಾರ, ಸರಿ ಐತೇನ್ರಿ?

ಗಂಗಾವತಿ ಹುಡುಗ:
ನಮಸ್ಕಾರ್ರಿ. ನಮ್ಮಪ್ಪ ರೈಸ್ ಮಿಲ್ಲಿನ್ಯಾಗ ಹಮಾಲಿ ಮಾಡ್ತಾರ, ಎರಡು ತಿಂಗಳಿಂದ ಕೆಮ್ಮು, ಸಂಜಿಕ ಜ್ವರ. ಒಂದು ಪ್ರೈವೇಟ್ ಕ್ಲಿನಿಕ್‌ನ್ಯಾಗ ಸಿರಪ್ಪು, ಲಿವೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಹತ್ತು ದಿನ ಕೊಟ್ರು, ಕಡಿಮಿ ಆದಂಗಾಗಿ ಮತ್ತ ಶುರುವಾತು, ಆಮ್ಯಾಲೆ ಎಕ್ಸ್‌ರೇ ನೋಡಿ ಟಿಬಿ ಅಂದ್ರು. ಕಫ ತಗೊಳ್ಳಿಲ್ಲ, ತೂಕ ನೋಡ್ಲಿಲ್ಲ, ಗುಳಿಗಿ ಬರದು ಕಳಿಸಿಬಿಟ್ರು. ಹನ್ನೆರಡು ದಿನ ಆತು, ಮೂತ್ರ ಕೆಂಪಗ ಬರ್ತೈತಿ ಅಂತ ಅಪ್ಪ ಹೆದರಿ ಗುಳಿಗಿ ಬಿಡ್ತೀನಿ ಅನ್ನಾಕತ್ತಾರ. ಏನ್ ಮಾಡ್ಲಿ?

ಸಿಂಧನೂರು ಲ್ಯಾಬ್:
ತಮ್ಮಾ, ಗುಳಿಗಿ ಮಾತ್ರ ಬಿಡಿಸಬ್ಯಾಡ. ಆ ಕೆಂಪು ಟಿಬಿ ಗುಳಿಗಿನ್ಯಾಗಿನ ರಿಫಾಂಪಿಸಿನ್ ಅನ್ನೋ ಔಷಧದ ಬಣ್ಣ, ರಕ್ತ ಅಲ್ಲ. ಆದ್ರ ಕಫ ನೋಡ್ಲಾರ್ದ ಚಾಲೂ ಮಾಡಿದ್ದು ತಪ್ಪು. ಮೊದ್ಲು ಸಿಬಿನಾಟ್ ಇಲ್ಲಾ ಟ್ರೂನಾಟ್ ಅನ್ನೋ ಕಫದ ಟೆಸ್ಟ್ ಆಗ್ಬೇಕು, ರಿಫಾಂಪಿಸಿನ್‌ಗೆ ರೋಗ ಬಗ್ತೈತೋ ಇಲ್ಲೋ ಅದ್ರಾಗ ತಿಳೀತೈತಿ. ಲಿವೋಫ್ಲಾಕ್ಸಾಸಿನ್ ಟಿಬಿ ಕ್ರಿಮಿ ಮ್ಯಾಲೂ ಸ್ವಲ್ಪ ಕೆಲ್ಸ ಮಾಡ್ತೈತಿ, ಅದಕ್ಕ ಕಡಿಮಿ ಆದಂಗ ಕಂಡಿರ್ಬೇಕು, ಆ ಹತ್ತು ದಿನದಾಗ ರೋಗ ಒಳಗ ಮುಚ್ಕೊಂಡು ಕೂತಿರ್ತೈತಿ. ನಾಳೆನ ಚೀಟಿ, ಎಕ್ಸ್‌ರೇ ಹಿಡ್ಕೊಂಡು ಸರ್ಕಾರಿ ಆಸ್ಪತ್ರಿ ಟಿಬಿ ವಿಭಾಗಕ್ಕ ಹೋಗು. ಡಬ್ಬಿನ್ಯಾಗ ಮುಂಜಾನೆ ಎದಿ ಆಳದಿಂದ ಕೆಮ್ಮಿದ ಕಫ ಬೇಕು, ಎಷ್ಟೋ ಮಂದಿ ಬರೇ ಉಗುಳು ತಂದು ಕೊಡ್ತಾರ, ಅದು ನಡಿಯಂಗಿಲ್ಲ.

ಕುಷ್ಟಗಿ ಅಕ್ಕ:
ನಂಗ 2021ರಾಗ ಆಗಿತ್ತು. 43 ಕೆಜಿ ಇದ್ದೆ, ದಿನಕ್ಕ 3 ಗುಳಿಗಿ, ಒಂದೊಂದ್ರಾಗೂ ನಾಕು ಔಷಧ. 50ರಿಂದ 64 ಕೆಜಿ ಇದ್ದವ್ರಿಗೆ 4. ತೂಕ ನೋಡ್ಲಾರ್ದ ಲೆಕ್ಕ ಹ್ಯಾಂಗ ಹಾಕಿದ್ರೋ ಕೇಳಪ್ಪಾ. ಎರಡು ತಿಂಗಳಿಗೆ ಮತ್ತ ಕಫ ನೋಡಿದ್ರು, ಗುಳಿಗಿ ಬದ್ಲಿ ಆತು, ಇನ್ನೂ ನಾಕು ತಿಂಗಳು ನುಂಗಿದೆ. ಟಿಬಿ ರೋಗಿಗಳ ಹೆಸ್ರು ಬರಿಯೋ ಸರ್ಕಾರದ ನಿಕ್ಷಯ್ ಪೋರ್ಟಲ್‌ದಾಗ ಹೆಸ್ರು ಹಚ್ಚ್ಯಾರೇನು ನೋಡು, 2012ರಿಂದ ಪ್ರೈವೇಟ್‌ನವ್ರೂ ಹಚ್ಚಲೇಬೇಕು. ಹಚ್ಚಿದ್ರ ತಿಂಗಳಾ 1000 ರೂಪಾಯಿ ಅಕೌಂಟಿಗೆ ಬರ್ತೈತಿ, ನನ್ ಟೈಮಿನ್ಯಾಗ 500 ಇತ್ತು, ತತ್ತಿ ಶೇಂಗಾಕ್ಕ ಆಗ್ತಿತ್ತು.

ಪಿಎಚ್‌ಸಿ ಡಾಕ್ಟ್ರು, ರಾಯಚೂರು:
ಹಿಂಗ ಮನಸಿಗೆ ಬಂದಂಗ ಚೀಟಿ ಬರಿಯೋದು ಇವತ್ತಿನ ಚಟ ಅಲ್ರಿ. 1991ರಾಗ ಛಾಪಿಸಿದ ಒಂದು ಅಧ್ಯಯನದಾಗ ಮುಂಬೈನ ಸುಮಾರು 100 ಪ್ರೈವೇಟ್ ಡಾಕ್ಟ್ರಿಗೆ ಟಿಬಿ ಚೀಟಿ ಬರೀರಿ ಅಂದ್ರ 80 ನಮೂನಿ ಬರದಿದ್ರು. ನಿಯಮ ಪುಸ್ತಕದಾಗ ಐತಿ, ಕೈಯಾಗ ಬರಂಗಿಲ್ಲ. ಆದ್ರ ನಮ್ಮ ಸರ್ಕಾರಿ ಕಡೆನೂ ತಪ್ಪಾಗ್ತೈತಿ, ಹೇಳ್ಬೇಕು. ರೋಗಿ ಮನ್ಯಾಗಿನ ಹುಡುಗ್ರನ್ನ ಕರ್ಸಿ ತಪಾಸಣಿ ಮಾಡೋದು ಎಷ್ಟೋ ಸಲ ಬಿಟ್ಟು ಹೋಗ್ತೈತಿ. ನಿಮ್ಮನ್ಯಾಗ ಸಣ್ಣೋರು ಇದ್ರ ನೀವ ಕರ್ಕೊಂಡು ಹೋಗ್ರಿ, ಕೇಳ್ಲಿ ಅಂತ ಕಾಯಬ್ಯಾಡ್ರಿ. ಅಪ್ಪಗ ಶುಗರ್, ಎಚ್‌ಐವಿ ಟೆಸ್ಟೂ ಆಗ್ಲಿ.

ಗಂಗಾವತಿ ಹುಡುಗ:
ಇವತ್ತ ಹೋಗಿದ್ವಿ. ತೂಕ 46. ಕಫ ಕೊಟ್ಟೀವಿ, ಗುಳಿಗಿ ನಿಲ್ಸಬ್ಯಾಡ್ರಿ ಅಂದ್ರು. ಅಣ್ಣನ ಮಗಳು ಮೂರು ವರ್ಷದಾಕಿ, ಅಪ್ಪನ ಮಗ್ಗುಲಾಗ ಮಲ್ಕೊಳ್ತಿದ್ಲು, ನಾಳೆ ಆಕಿನ್ನ ಕರ್ಕೊಂಡು ಹೋಗ್ತೀನಿ.