ಸಣ್ಣ ಸ್ಕೂಲ್ ಡಿಸ್ಟ್ರಿಕ್ಟ್ ಇರುವ ಊರಲ್ಲಿ ಮನೆ ತಗೊಳ್ಳಬಹುದಾ? ನ್ಯೂಜೆರ್ಸಿಯವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಎಡಿಸನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಗಳು ಎರಡನೇ ಕ್ಲಾಸು, ಮಗ ಮುಂದಿನ ವರ್ಷ ಕಿಂಡರ್‌ಗಾರ್ಟನ್. ಸ್ವಂತ ಮನೆ ಹುಡುಕುತ್ತಿದ್ದೇವೆ. ಇಷ್ಟವಾದ ಮನೆ ಇರೋದು ಒಂದು ಸಣ್ಣ ಟೌನ್‌ಶಿಪ್‌ನಲ್ಲಿ. ಇಡೀ ಸ್ಕೂಲ್ ಡಿಸ್ಟ್ರಿಕ್ಟ್‌ಗೆ (ಅಂದರೆ ಊರಿನ ಸರ್ಕಾರಿ ಸ್ಕೂಲು ನಡೆಸುವ ಸ್ಥಳೀಯ ಆಡಳಿತಕ್ಕೆ) ಒಂದೇ ಸ್ಕೂಲು, ಅದೂ ಎಂಟನೇ ಕ್ಲಾಸಿನವರೆಗೆ. ಒಟ್ಟು ಮುನ್ನೂರು ಚಿಲ್ಲರೆ ಮಕ್ಕಳು. ಹೋದ ವರ್ಷ ಆನ್‌ಲೈನ್ ರೇಟಿಂಗ್ ಹತ್ತಕ್ಕೆ 8 ಇತ್ತಂತೆ, ಈಗ 6 ತೋರಿಸುತ್ತಿದೆ. ನಮ್ಮೆಜಮಾನರು ಬೇಡವೇ ಬೇಡ ಅನ್ನುತ್ತಿದ್ದಾರೆ. ಇಷ್ಟು ಸಣ್ಣ ಡಿಸ್ಟ್ರಿಕ್ಟನ್ನು ಯಾರು ನಡೆಸುತ್ತಾರೆ? ಚೆನ್ನಾಗಿ ನಡೀತಿದೆಯೋ ಇಲ್ಲವೋ ಅಂತ ಹೊರಗಿನವರು ತಿಳಿಯೋದು ಹೇಗೆ?

ಮೊದಲ ಉತ್ತರ:

ನಾವಿರೋದೂ ಇಂಥದ್ದೇ ಊರಲ್ಲಿ. ನಮ್ಮ ಇಬ್ಬರು ಮಕ್ಕಳೂ ಕಿಂಡರ್‌ಗಾರ್ಟನ್‌ನಿಂದ ಎಂಟರವರೆಗೆ ಒಂದೇ ಕಟ್ಟಡದಲ್ಲಿ ಓದಿದವರು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ರೇಟಿಂಗ್ ವಿಷಯ. ಮುನ್ನೂರು ಚಿಲ್ಲರೆ ಮಕ್ಕಳು, ಒಂಬತ್ತು ಕ್ಲಾಸು. ಅಂದರೆ ಒಂದು ಕ್ಲಾಸಿಗೆ ಮೂವತ್ತೈದರ ಆಸುಪಾಸು. ಅಲ್ಲಿ ಒಂದು ಮಗು ಅಂದರೆ ಹೆಚ್ಚುಕಮ್ಮಿ ಶೇ. 3. ರಾಜ್ಯದ ಪರೀಕ್ಷೆಯಲ್ಲಿ ನಾಲ್ಕು ಮಕ್ಕಳು ಒಂದೆರಡು ಉತ್ತರ ತಪ್ಪಿ ಕೆಳಗಿಳಿದರೂ ಆ ಕ್ಲಾಸಿನ ಫಲಿತಾಂಶ ಶೇ. 11, 12ರಷ್ಟು ಬಿದ್ದುಹೋಗುತ್ತದೆ. ಎಡಿಸನ್‌ನಂಥ ದೊಡ್ಡ ಡಿಸ್ಟ್ರಿಕ್ಟ್‌ನಲ್ಲಿ ನಾಲ್ಕು ಮಕ್ಕಳು ಲೆಕ್ಕಕ್ಕೇ ಬರೋದಿಲ್ಲ. ಆದ್ದರಿಂದ 8 ಹೋಗಿ 6 ಆಯಿತು ಅಂದ ಮಾತ್ರಕ್ಕೆ ಸ್ಕೂಲು ಹಾಳಾಯಿತು ಅಂತಲ್ಲ. ಮುಂದಿನ ವರ್ಷ 8 ಆದರೆ ಉದ್ಧಾರವಾಯಿತು ಅಂತಲೂ ಅಲ್ಲ.

ಅದರ ಬದಲು ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ವರ್ಷ ಹಾಕುವ ಸ್ಕೂಲ್ ಪರ್ಫಾರ್ಮೆನ್ಸ್ ರಿಪೋರ್ಟ್ ತೆಗೆದು ನೋಡಿ. ರಾಜ್ಯದ ಪರೀಕ್ಷೆ, ಅಂದರೆ ಎನ್‌ಜೆಎಸ್‌ಎಲ್‌ಎ, ಮೂರನೇ ಕ್ಲಾಸಿನಿಂದ ಶುರು. ಹೋದ ವರ್ಷದ ಮೂರನೇ ಕ್ಲಾಸನ್ನು ಈ ವರ್ಷದ ಮೂರನೇ ಕ್ಲಾಸಿನ ಜೊತೆ ಹೋಲಿಸಬೇಡಿ, ಅವು ಬೇರೆ ಮಕ್ಕಳು. ಮೂರರಲ್ಲಿದ್ದ ಬ್ಯಾಚು ನಾಲ್ಕಕ್ಕೆ, ಐದಕ್ಕೆ ಬಂದಾಗ ಏನಾಯಿತು ಅಂತ ಬೆನ್ನು ಹತ್ತಿ ನೋಡಿ. ಪ್ರತಿ ಬ್ಯಾಚೂ ಆರನೇ ಕ್ಲಾಸಿಗೆ ಬಂದಾಗ ಗಣಿತದಲ್ಲಿ ಇಳಿಯುತ್ತಿದ್ದರೆ ಅಲ್ಲೇನೋ ಇದೆ ಅಂತ ಅರ್ಥ. ಒಂದು ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಂಕಿಯನ್ನೇ ತೋರಿಸೋದಿಲ್ಲ. ಸಣ್ಣ ಸ್ಕೂಲಿನ ರಿಪೋರ್ಟ್‌ನಲ್ಲಿ ಅರ್ಧ ಜಾಗ ಹಾಗೆ ಖಾಲಿ ಇರುತ್ತದೆ, ಗಾಬರಿ ಆಗಬೇಡಿ. ನಾನು ಜಾಸ್ತಿ ಬೆಲೆ ಕೊಡೋದು ಗೈರುಹಾಜರಿಯ ಅಂಕಿಗೆ. ಶಾಲೆಯ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿಕೊಂಡ ಮಕ್ಕಳು ಎಷ್ಟು ಅಂತ ಅಲ್ಲಿರುತ್ತದೆ. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಯಾಕೆ ಅಂತ ಕೇಳಲೇಬೇಕು.

ಇನ್ನು ನಡೆಸುವವರ ವಿಷಯ. ನಮ್ಮ ಕಡೆಯಿಂದ ಬಂದವರಿಗೆ ಇದು ಚಟ್ಟನೆ ಹೊಳೆಯೋದಿಲ್ಲ. ಕರ್ನಾಟಕದಲ್ಲಿ ಮೇಷ್ಟ್ರನ್ನು ನೇಮಿಸೋದು, ವರ್ಗ ಮಾಡೋದು ಸರ್ಕಾರ. ಸಂಬಳ ಬರೋದು ರಾಜ್ಯದ ಖಜಾನೆಯಿಂದ. ತಾಲ್ಲೂಕಿಗೆ ಬಿಇಒ, ಜಿಲ್ಲೆಗೆ ಡಿಡಿಪಿಐ. ಎಸ್‌ಡಿಎಂಸಿಯಲ್ಲಿ ಪೋಷಕರಿದ್ದರೂ ತೆರಿಗೆ ಹಾಕುವ ಅಧಿಕಾರ ಅವರಿಗಿಲ್ಲ. ಇಲ್ಲಿ ಹಾಗಲ್ಲ. ನ್ಯೂಜೆರ್ಸಿಯಲ್ಲಿ ಸುಮಾರು 600 ಡಿಸ್ಟ್ರಿಕ್ಟ್‌ಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಊರವರೇ ಆರಿಸಿದ ಬೋರ್ಡ್ ಆಫ್ ಎಜುಕೇಶನ್ ಇದೆ. ಸದಸ್ಯರಿಗೆ ಮೂರು ವರ್ಷದ ಅವಧಿ, ಸಂಬಳ ಇಲ್ಲ. ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟರನ್ನು ನೇಮಿಸೋದು ಆ ಬೋರ್ಡು. ಟೀಚರ ಸಂಬಳದ ಒಪ್ಪಂದ, ಪಠ್ಯ, ಬಸ್ಸು, ದೀಪಾವಳಿಗೆ ರಜಾ ಇದೆಯೋ ಇಲ್ಲವೋ, ಎಲ್ಲವೂ ಆ ಟೇಬಲ್ ಮೇಲೇ ತೀರ್ಮಾನ. ಒಂದೇ ಸ್ಕೂಲಿನ ಊರಲ್ಲಿ ಸೂಪರಿಂಟೆಂಡೆಂಟರೇ ಪ್ರಿನ್ಸಿಪಾಲರೂ ಆಗಿರೋದುಂಟು. ಆ ಒಬ್ಬರು ಬಿಟ್ಟುಹೋದರೆ ಸ್ಕೂಲಿನ ನಡೆಯೇ ಬದಲಾಗುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಎಷ್ಟು ಜನ ಕೂತರು ಅಂತ ಖಂಡಿತ ವಿಚಾರಿಸಿ. ರೇಟಿಂಗ್‌ಗಿಂತ ಅದು ಹೆಚ್ಚು ಹೇಳುತ್ತದೆ.

ದುಡ್ಡು ಬರೋದು ಮುಖ್ಯವಾಗಿ ನಿಮ್ಮ ಪ್ರಾಪರ್ಟಿ ಟ್ಯಾಕ್ಸ್‌ನಿಂದ. ಇಡೀ ರಾಜ್ಯದಲ್ಲಿ ಆ ಟ್ಯಾಕ್ಸ್‌ನ ಸುಮಾರು ಅರ್ಧ ಸ್ಕೂಲಿಗೇ ಹೋಗುತ್ತದೆ. 2010ರಲ್ಲಿ ಬಂದ ಕಾನೂನಿನ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಡಿಸ್ಟ್ರಿಕ್ಟ್ ತನ್ನ ತೆರಿಗೆ ಮೊತ್ತವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವ ಹಾಗಿಲ್ಲ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಜನರ ವೋಟು ಕೇಳಬೇಕು. ಆದರೆ ಟೀಚರ ಹೆಲ್ತ್ ಇನ್ಶೂರೆನ್ಸು, ಬಸ್ಸು, ಕರೆಂಟು ಇವೆಲ್ಲ ಶೇ. 2ಕ್ಕೆ ನಿಲ್ಲೋದಿಲ್ಲ. ಮೇಲಿಂದ 2018ರಲ್ಲಿ ರಾಜ್ಯ ಸಹಾಯಧನದ ಲೆಕ್ಕ ಬದಲಿಸಿದರು. ಮಕ್ಕಳ ಸಂಖ್ಯೆ ಇಳಿದಿದ್ದ ಎಷ್ಟೋ ಊರುಗಳಿಗೆ 2024-25ರವರೆಗೆ ವರ್ಷ ವರ್ಷವೂ ಸಹಾಯಧನ ಕಡಿಮೆಯಾಗುತ್ತಾ ಬಂತು. ದೊಡ್ಡ ಡಿಸ್ಟ್ರಿಕ್ಟು ಅಲ್ಲಿ ಇಲ್ಲಿ ಕತ್ತರಿಸಿ ಹೇಗೋ ಸರಿದೂಗಿಸುತ್ತದೆ. ಒಂದೇ ಸ್ಕೂಲಿದ್ದರೆ ಕತ್ತರಿಸೋಕೆ ಸಿಗೋದು ಒಬ್ಬ ಸ್ಪ್ಯಾನಿಶ್ ಟೀಚರು, ಒಬ್ಬ ಮ್ಯೂಸಿಕ್ ಟೀಚರು.

ನಮ್ಮೂರಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಬೋರ್ಡ್ ಮೀಟಿಂಗ್ ನಡೆಯೋದು ಸ್ಕೂಲ್ ಲೈಬ್ರರಿಯಲ್ಲಿ. ಚಿಕ್ಕ ಮಕ್ಕಳ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ಉದ್ದ ಟೇಬಲ್ ಹಾಕಿರುತ್ತಾರೆ. ಸಾಮಾನ್ಯ ದಿನ ಕೇಳೋಕೆ ಬರುವವರು ನಾಲ್ಕೈದು ಜನ. ಒಂದು ವರ್ಷ ಸ್ಪ್ಯಾನಿಶ್ ಟೀಚರ ಕೆಲಸವನ್ನು ಅರ್ಧಕ್ಕಿಳಿಸುವ ಪ್ರಸ್ತಾಪ ಬಂತು. ಅವತ್ತು ನಿಲ್ಲೋಕೆ ಜಾಗ ಇರಲಿಲ್ಲ. ಡಿಸ್ಟ್ರಿಕ್ಟಿನ ಹಣಕಾಸು ನೋಡಿಕೊಳ್ಳುವ ಬಿಸಿನೆಸ್ ಅಡ್ಮಿನಿಸ್ಟ್ರೇಟರು ಎದ್ದು ನಿಂತು ಒಂದೊಂದೇ ಸಾಲು ಬಿಡಿಸಿ ಹೇಳಿದರು. ಸಹಾಯಧನ ಎಷ್ಟು ಕಡಿಮೆಯಾಯಿತು, ಇನ್ಶೂರೆನ್ಸ್ ಎಷ್ಟು ಏರಿತು, ಉಳಿಕೆ ಹಣದಲ್ಲಿ ಎಷ್ಟು ತೆಗೆಯಬಹುದು, ಎಷ್ಟು ತೆಗೆಯಬಾರದು ಮತ್ತು ಯಾಕೆ. ಒಬ್ಬ ತಾಯಿ ಕೇಳಿದರು, ಪಕ್ಕದ ಡಿಸ್ಟ್ರಿಕ್ಟಿಗೂ ಇದೇ ಕಷ್ಟ ಇರಬೇಕಲ್ಲ, ಒಬ್ಬರೇ ಟೀಚರನ್ನು ಹಂಚಿಕೊಳ್ಳೋಕೆ ಆಗಲ್ವಾ ಅಂತ. ಬೋರ್ಡಿನವರು ಅದನ್ನು ಬರೆದುಕೊಂಡರು. ಮುಂದಿನ ಮೀಟಿಂಗ್‌ಗೆ ಪಕ್ಕದ ಊರಿನ ಜೊತೆ ಮಾತಾಡಿಕೊಂಡೇ ಬಂದರು. ಟೀಚರ ಪೂರ್ತಿ ಕೆಲಸ ಉಳಿಯಿತು. ಅರ್ಧ ದಿನ ನಮ್ಮಲ್ಲಿ, ಅರ್ಧ ದಿನ ಅಲ್ಲಿ.

ನಾನು ಡಿಸ್ಟ್ರಿಕ್ಟನ್ನು ಅಳೆಯೋದು ಇದರಿಂದಲೇ. ಪೋಷಕರ ಪ್ರಶ್ನೆಗೆ ಲೆಕ್ಕ ಇಟ್ಟು ಉತ್ತರ ಕೊಡ್ತಾರಾ? ಕೇಳಿದ್ದಕ್ಕೆ ಮುಂದಿನ ತಿಂಗಳು ಏನಾದರೂ ಆಗುತ್ತಾ? ಹಳೆಯ ಮೀಟಿಂಗ್‌ಗಳ ಮಿನಿಟ್ಸ್ (ನಡಾವಳಿ) ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ವೆಬ್‌ಸೈಟ್‌ನಲ್ಲಿ ಇರುತ್ತವೆ. ಒಂದು ವರ್ಷದ್ದು ಓದಿ. ಪ್ರತಿ ಮೀಟಿಂಗ್‌ನಲ್ಲೂ ರಾಜೀನಾಮೆ ಒಪ್ಪಿಕೊಂಡದ್ದೇ ಕಾಣುತ್ತಿದ್ದರೆ ಹುಷಾರು. ಹಾಗೇ ಯೂಸರ್ ಫ್ರೆಂಡ್ಲಿ ಬಜೆಟ್ ಅಂತ ಒಂದು ಕಡತ ಇರುತ್ತದೆ. ಅದರಲ್ಲಿ ಮಕ್ಕಳ ಸಂಖ್ಯೆ ಮತ್ತು ಉಳಿಕೆ ಹಣದ ಸಾಲು ನೋಡಿ. ಸಂಬಳದಂಥ ಪ್ರತಿ ವರ್ಷದ ಖರ್ಚಿಗೆ ಉಳಿಕೆ ಹಣವನ್ನೇ ಸುರಿಯುತ್ತಿದ್ದರೆ ಒಂದೆರಡು ವರ್ಷದಲ್ಲಿ ಅದು ಬರಿದಾಗುತ್ತದೆ. ಆಮೇಲೆ ಟೀಚರು ಹೋಗುತ್ತಾರೆ.

ಮಕ್ಕಳ ಕಡೆಯಿಂದ ಒಂದು ಮಾತು. ಅದೇ ಮೂವತ್ತೈದು ಮಕ್ಕಳ ಜೊತೆ ಒಂಬತ್ತು ವರ್ಷ. ನಮ್ಮ ದೊಡ್ಡವಳಿಗೆ ಅದು ವರವಾಯಿತು. ಎಲ್ಲಾ ಟೀಚರಿಗೂ ಅವಳ ಹೆಸರು ಗೊತ್ತು, ಅವಳು ಬಾಸ್ಕೆಟ್‌ಬಾಲೂ ಆಡಿದಳು, ನಾಟಕದಲ್ಲೂ ಇದ್ದಳು. ಚಿಕ್ಕವನಿಗೆ ಆರನೇ ಕ್ಲಾಸಲ್ಲಿ ಗೆಳೆಯರ ಜೊತೆ ಮುನಿಸಾಯಿತು. ಹೋಗಿ ಸೇರಿಕೊಳ್ಳೋಕೆ ಬೇರೆ ಗುಂಪೇ ಇರಲಿಲ್ಲ. ಆ ವರ್ಷ ಅವನಿಗೂ ನಮಗೂ ಕಷ್ಟವಾಗಿತ್ತು. ಕೌನ್ಸೆಲರು ಪೂರ್ತಿ ಸಮಯದವರೋ, ವಾರಕ್ಕೆ ಎರಡು ದಿನ ಬರುವವರೋ ಅಂತ ಕೇಳಿಕೊಳ್ಳಿ.

ಇನ್ನೊಬ್ಬರು:

ಅಕ್ಕ ಬರೆದದ್ದು ನೂರಕ್ಕೆ ನೂರು ನಿಜ. ನಾನು ಸ್ಪೆಷಲ್ ಎಜುಕೇಶನ್ ಬಗ್ಗೆ ಸೇರಿಸುತ್ತೇನೆ. ನಮ್ಮ ಮಗನಿಗೆ ಮಾತು ತಡವಾಗಿತ್ತು. ಸಣ್ಣ ಸ್ಕೂಲಾದ್ದರಿಂದ ಟೀಚರು ಬಹಳ ಬೇಗ ಗಮನಿಸಿ ನಮಗೆ ಹೇಳಿದರು. ಅದಕ್ಕೆ ನಾನು ಯಾವತ್ತೂ ಋಣಿ. ಆದರೆ ಸ್ಪೀಚ್ ಥೆರಪಿಸ್ಟು ಹೊರಗಿನ ಕಂಪನಿಯವರು. ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು. ಮಗು ಮತ್ತೆ ಬಾಯಿ ಕಟ್ಟಿಕೊಂಡು ಕೂರುತ್ತಿತ್ತು. ನೋಡೋಕೆ ಆಗುತ್ತಿರಲಿಲ್ಲ.

ಇಂಥ ಮಕ್ಕಳನ್ನು ಪರೀಕ್ಷಿಸುವ ಚೈಲ್ಡ್ ಸ್ಟಡಿ ಟೀಮು ಡಿಸ್ಟ್ರಿಕ್ಟಿನದ್ದೇ ನೌಕರರೋ, ಗುತ್ತಿಗೆಯವರೋ ಅಂತ ಮೊದಲೇ ಕೇಳಿ. ಮಗುವನ್ನು ಪರೀಕ್ಷಿಸಿ ಅಂತ ಕೇಳುವುದಿದ್ದರೆ ಬಾಯಿಮಾತಲ್ಲಿ ಬೇಡ, ಬರೆದು ಕೊಡಿ. ಬರೆದು ಕೊಟ್ಟ 20 ದಿನದೊಳಗೆ ಅವರು ಮೀಟಿಂಗ್ ಕರೆಯಬೇಕು. ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ ಪರೀಕ್ಷೆ ಮುಗಿಸಿ, ಮಗುವಿಗೆ ಅರ್ಹತೆ ಇದ್ದರೆ ಐಇಪಿ (ಆ ಮಗುವಿಗೇ ಅಂತ ಮಾಡುವ ಕಲಿಕೆಯ ಯೋಜನೆ) ಜಾರಿಗೆ ತರೋಕೆ 90 ದಿನ. ಸಣ್ಣ ಡಿಸ್ಟ್ರಿಕ್ಟಿಗೂ ಅದೇ ನಿಯಮ. ನಮ್ಮ ಹತ್ತಿರ ದುಡ್ಡಿಲ್ಲ ಅನ್ನೋದು ಕಾರಣವಾಗೋದಿಲ್ಲ. ಬಜೆಟ್ ಸಣ್ಣದು, ಹೊರಗಿನ ಸ್ಕೂಲಿಗೆ ಒಂದು ಮಗುವನ್ನು ಕಳಿಸಬೇಕಾಗಿ ಬಂದರೂ ಅವರಿಗೆ ದೊಡ್ಡ ಹೊರೆ, ಅದು ನನಗೂ ಅರ್ಥವಾಗುತ್ತದೆ. ಆದರೂ ಮಗುವಿನ ಹಕ್ಕನ್ನು ಬಿಟ್ಟುಕೊಡಬೇಡಿ.

ಹಂಟರ್ಡನ್ ಕೌಂಟಿಯಿಂದ ಒಬ್ಬರು:

ಹೈಸ್ಕೂಲ್ ಎಲ್ಲಿ ಅಂತ ಯಾರೂ ಹೇಳಲಿಲ್ಲ. ಅದೇ ಮುಖ್ಯ ಅಲ್ವಾ? ಎಂಟನೇ ಕ್ಲಾಸಿಗೆ ನಿಲ್ಲುವ ಡಿಸ್ಟ್ರಿಕ್ಟುಗಳು ಆಮೇಲೆ ಮಕ್ಕಳನ್ನು ಬೇರೆ ಡಿಸ್ಟ್ರಿಕ್ಟಿಗೆ ಕಳಿಸಿ ಅವರ ಫೀಸು ಕಟ್ಟುತ್ತವೆ, ಇಲ್ಲವೇ ಕೆಲವು ಊರುಗಳು ಸೇರಿ ನಡೆಸುವ ರೀಜನಲ್ ಹೈಸ್ಕೂಲಿಗೆ ಸೇರಿರುತ್ತವೆ. ನಿಮ್ಮ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲೇ ಕ್ರಾನ್‌ಬರಿ ಇದೆಯಲ್ಲ, ಅಲ್ಲಿ ಒಂದೇ ಸ್ಕೂಲು. ಒಂಬತ್ತರಿಂದ ಮಕ್ಕಳು ಪ್ರಿನ್ಸ್‌ಟನ್ ಹೈಸ್ಕೂಲಿಗೆ ಹೋಗುತ್ತಾರೆ. ಹೀಗೆ ಕಳಿಸುವ ಊರಿನ ಮಕ್ಕಳು ಆ ಡಿಸ್ಟ್ರಿಕ್ಟಿನ ಅದೇ ಕ್ಲಾಸುಗಳ ಒಟ್ಟು ಸಂಖ್ಯೆಯಲ್ಲಿ ಶೇ. 10 ಅಥವಾ ಹೆಚ್ಚಿದ್ದರೆ ಅಲ್ಲಿನ ಬೋರ್ಡಿನಲ್ಲಿ ನಿಮ್ಮೂರಿಗೂ ಪ್ರತಿನಿಧಿ ಸಿಗುತ್ತಾರೆ. ಇಲ್ಲವಾದರೆ ದುಡ್ಡು ನಿಮ್ಮದು, ಮಾತು ಅವರದು.

ಮನೆ ತಗೊಳ್ಳೋ ಮುಂಚೆ ಒಪ್ಪಂದ ಯಾವ ಹೈಸ್ಕೂಲ್ ಜೊತೆ ಇದೆ, ಬದಲಾಯಿಸುವ ಮಾತು ನಡೀತಿದೆಯಾ ಕೇಳಿ. ಎಂಟನೇ ಕ್ಲಾಸಲ್ಲಿ ಆಲ್ಜೀಬ್ರಾ 1 ಇದೆಯಾ ಅಂತಲೂ ಕೇಳಿ. ಇಲ್ಲದಿದ್ದರೆ ಹೈಸ್ಕೂಲಲ್ಲಿ ಗಣಿತದಲ್ಲಿ ಹಿಂದಿನ ಮೆಟ್ಟಿಲಿಂದ ಶುರು ಮಾಡಬೇಕಾಗುತ್ತದೆ.

ವಿಲೀನದ ಸುದ್ದಿ ಕೇಳಿದರೆ ಹೆದರಬೇಡಿ. ನಮ್ಮ ಕೌಂಟಿಯಲ್ಲಿ ಲ್ಯಾಂಬರ್ಟ್‌ವಿಲ್, ಸ್ಟಾಕ್‌ಟನ್, ವೆಸ್ಟ್ ಆಮ್‌ವೆಲ್ ಊರವರು 2013ರಲ್ಲಿ ವೋಟು ಹಾಕಿ ತಮ್ಮ ಸಣ್ಣ ಡಿಸ್ಟ್ರಿಕ್ಟುಗಳನ್ನು ಸೌತ್ ಹಂಟರ್ಡನ್ ರೀಜನಲ್ ಜೊತೆ ಸೇರಿಸಿದರು. 2014ರಿಂದ ಎಲ್ಲಕ್ಕೂ ಒಂದೇ ಬೋರ್ಡು, ಒಬ್ಬರೇ ಸೂಪರಿಂಟೆಂಡೆಂಟು. ಊರಿನ ಸ್ಕೂಲು ಹೋಯಿತು ಅಂತ ನೊಂದುಕೊಂಡವರ ಬೇಸರವೂ ಸುಳ್ಳಲ್ಲ. ನನಗೆ ಕೇಳಿದರೆ ಇಂಥದ್ದು ಇನ್ನೂ ಜಾಸ್ತಿ ಆಗಬೇಕು.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್. ನಾವಿನ್ನೂ ಎಚ್-1ಬಿ ವೀಸಾದಲ್ಲಿದ್ದೇವೆ, ವೋಟು ಇಲ್ಲ. ಮೀಟಿಂಗ್‌ಗೆ ಹೋಗಬಹುದಾ ಅಕ್ಕ? ಸುಮ್ನೆ ಹೋಗಿ ಕೂತರೆ ಯಾರಾದರೂ ಏನಾದರೂ ಅಂದಾರು ಅಂತ ಸಂಕೋಚ.

ಮೊದಲು ಉತ್ತರಿಸಿದವರು:

ಧಾರಾಳವಾಗಿ ಹೋಗಿ ತಾಯಿ. ಬೋರ್ಡ್ ಮೀಟಿಂಗ್ ಎಲ್ಲರಿಗೂ ತೆರೆದಿರಬೇಕು ಅಂತ ರಾಜ್ಯದಲ್ಲಿ 1975ರಿಂದ ಕಾನೂನೇ ಇದೆ. ಜನ ಮಾತಾಡೋಕೆ ಸಮಯ ಇಡಲೇಬೇಕು. ಬೋರ್ಡಿಗೆ ನಿಲ್ಲಬೇಕಾದರೆ ಮಾತ್ರ ಪೌರತ್ವ ಬೇಕು, ಊರಲ್ಲಿ ಒಂದು ವರ್ಷವಾದರೂ ವಾಸವಿರಬೇಕು. ಬಾಡಿಗೆಗೆ ಇದ್ದುಕೊಂಡೇ, ವೀಸಾದಲ್ಲೇ, ಬೋರ್ಡ್ ಮುಂದೆ ನಿಂತು ಮಾತಾಡಿದ ನಮ್ಮವರನ್ನು ನಾನೇ ನೋಡಿದ್ದೇನೆ. ಅವರ ಮಾತನ್ನು ಗೌರವದಿಂದ ಕೇಳಿದರು.

ಬಜೆಟ್ ಕರಡು ಮಾರ್ಚ್‌ನಲ್ಲಿ ಬರುತ್ತದೆ. ಸಾರ್ವಜನಿಕ ಹಿಯರಿಂಗ್ ಏಪ್ರಿಲ್ ಕೊನೆ, ಮೇ ಮೊದಲ ವಾರದ ಹೊತ್ತಿಗೆ. ಹೊಸ ಲೆಕ್ಕ ಶುರುವಾಗೋದು ಜುಲೈ 1ಕ್ಕೆ. ಇನ್ನೊಂದು, ಕ್ಯೂಸ್ಯಾಕ್ ಅಂತ ರಾಜ್ಯದವರು ಮೂರು ವರ್ಷಕ್ಕೊಮ್ಮೆ ಪ್ರತಿ ಡಿಸ್ಟ್ರಿಕ್ಟನ್ನೂ ಪಾಠ, ಹಣಕಾಸು, ಆಡಳಿತ, ಸಿಬ್ಬಂದಿ, ದಿನನಿತ್ಯದ ನಿರ್ವಹಣೆ ಅಂತ ಐದು ವಿಷಯದಲ್ಲಿ ತಪಾಸಣೆ ಮಾಡುತ್ತಾರೆ. ಪ್ರತಿಯೊಂದರಲ್ಲೂ ಶೇ. 80 ಬರಬೇಕು. ಆ ಊರಿನದ್ದು ಎಷ್ಟು ಬಂದಿದೆ, ಯಾವುದರಲ್ಲಿ ಕಡಿಮೆ ಬಿದ್ದಿದೆ ಅಂತ ಸೂಪರಿಂಟೆಂಡೆಂಟರ ಆಫೀಸಿಗೆ ಒಂದು ಇಮೇಲ್ ಹಾಕಿ ಕೇಳಿ. ಎಷ್ಟು ಬೇಗ, ಹೇಗೆ ಉತ್ತರ ಬರುತ್ತದೆ ಅನ್ನೋದನ್ನೂ ಗಮನಿಸಿ. ಬಂದ ಮೇಲೆ ಇಲ್ಲೇ ಹಾಕಿ, ಸೇರಿ ಓದೋಣ.