ಸಹಾಯ ಬೇಕು: ಮಳೆ ಜೋರಾದರೆ ಅಮ್ಮನಿಗೆ ಏನೋ ಕೆಟ್ಟದ್ದಾಗುತ್ತದೆ ಅನ್ನುವ ಭಯ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ಬೆಟ್ಟದ ಇಳಿಜಾರಿನಲ್ಲಿ ನಮ್ಮ ಮನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ನಮಗೇನೂ ಆಗಲಿಲ್ಲ. ಆದರೆ ಅಮ್ಮನ ಮನಸ್ಸಿನಿಂದ ಅದು ಹೋಗಿಲ್ಲ. ಜೋರು ಮಳೆ ಹಿಡಿದರೆ ಸಾಕು, "ಇವತ್ತು ಏನೋ ಆಗ್ತದೆ ಮಗಾ" ಅಂತಾರೆ. ರಾತ್ರಿಯೆಲ್ಲ ಚಪ್ಪಲಿ ಹಾಕಿಕೊಂಡೇ ಮಂಚದ ಮೇಲೆ ಕೂತಿರುತ್ತಾರೆ. ಟಾರ್ಚು, ಆಧಾರ್ ಕಾರ್ಡು, ಬಿಪಿ ಮಾತ್ರೆ ತುಂಬಿದ ಚೀಲ ಮಡಿಲಲ್ಲಿ. ಎದೆ ಡವಡವ, ಕೈ ತಣ್ಣಗೆ. ಇಸಿಜಿ ಮಾಡಿಸಿದೆವು, ಹೃದಯಕ್ಕೆ ತೊಂದರೆ ಇಲ್ಲ ಎಂದರು.

"ಸುಮ್ನೆ ಹೆದರಬೇಡಿ" ಅನ್ನೋಕೆ ನನಗೆ ಬಾಯಿ ಬರಲ್ಲ. ನಮ್ಮ ಕಡೆ ಆ ಹೆದರಿಕೆ ಸುಳ್ಳಲ್ಲ, ಅಲ್ವಾ? ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪು ರಾಡಿಯಾಗೋದು ಕಂಡರೆ ತಕ್ಷಣ ಮನೆ ಬಿಡಬೇಕು. ಬೆಳಿಗ್ಗೆ ಇಬ್ಬರೂ ಹೋಗಿ ಅದನ್ನೆಲ್ಲ ನೋಡಿ ಬರುತ್ತೇವೆ. ಹಗಲು ಸ್ವಲ್ಪ ಸಮಾಧಾನ. ಕತ್ತಲಾದರೆ ಮತ್ತೆ ಅದೇ.

ವಯಸ್ಸಾದವರ ಮಾತನ್ನು ತಾಳ್ಮೆಯಿಂದ ಕೇಳುವ ಮನೋವೈದ್ಯರು ಮಡಿಕೇರಿಯಲ್ಲೋ ಮೈಸೂರಿನಲ್ಲೋ ಗೊತ್ತಿದ್ದರೆ ದಯವಿಟ್ಟು ತಿಳಿಸಿ. 14416, ಅದೇ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿದವರು ಇದ್ದೀರಾ? ಅಮ್ಮ ಫೋನಿನಲ್ಲಿ ಜಾಸ್ತಿ ಮಾತಾಡೋರಲ್ಲ. ಮೊದಲು ನಾನೇ ಮಾತಾಡಿದರೆ ಆಗುತ್ತದಾ? ಇದೇ ಥರ ಅನುಭವಿಸಿ ಸುಧಾರಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ, ರಾತ್ರಿ ಹೊತ್ತು ಏನು ಮಾಡಿದಿರಿ ಹೇಳಿ.