ಸಹಾಯ ಬೇಕು: ಟೆಕ್ಸಸ್‌ ಬೇಟೆ ಪರವಾನಗಿ ಮತ್ತು ಕೊಲೊರಾಡೊದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಅರ್ಜಿ

ಎಲ್ಲರಿಗೂ ನಮಸ್ಕಾರ. ಎಚ್‌-1ಬಿ ವೀಸಾದಲ್ಲಿ ಆಸ್ಟಿನ್‌ನಲ್ಲಿ ನೆಲೆಸಿರುವ ನಾನು, 1971ರ ಸೆಪ್ಟೆಂಬರ್ 2ರಂದು ಅಥವಾ ಆನಂತರ ಹುಟ್ಟಿದವರಿಗೆ ಟೆಕ್ಸಸ್‌ನಲ್ಲಿ ಕಡ್ಡಾಯವಾಗಿರುವ ಬೇಟೆಗಾರರ ತರಬೇತಿಯನ್ನು ಮುಗಿಸಿ, ಮುಂದಿನ ವರ್ಷದ ಯೋಜನೆ ಹಾಕುತ್ತಿದ್ದೇನೆ. (ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ನಮ್ಮೂರಿನಲ್ಲಿ ಬೇಟೆಯ ಮಾತೇ ಇಲ್ಲದ್ದರಿಂದ ನನಗಿದೆಲ್ಲ ಹೊಸದು.)

ಇಲ್ಲಿನ ಪರವಾನಗಿ ಯಾವಾಗ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ ಆರಂಭದ ಬೆಳವ ಹಕ್ಕಿಯ ಬೇಟೆಗೆ ವಲಸೆ ಹಕ್ಕಿಗಳ ಪ್ರತ್ಯೇಕ ಅನುಮತಿ ಪಡೆದು, ನವೆಂಬರ್‌ನ ಮೊದಲ ಶನಿವಾರ ತೆರೆಯುವ ಬಿಳಿಬಾಲದ ಜಿಂಕೆಯ ಋತುವಿಗೆ ಸಿದ್ಧನಾಗಬೇಕೆಂದಿದ್ದೇನೆ. ರಾಜ್ಯದ ಶೇ. 90ಕ್ಕೂ ಹೆಚ್ಚು ಭೂಮಿ ಖಾಸಗಿಯವರದ್ದಾಗಿದ್ದು, ಬೇಟೆಗಾಗಿ ಜಾಗ ಗುತ್ತಿಗೆ ಪಡೆಯುವ ದರ ನನ್ನ ಕೈಗೆಟುಕುವಂತಿಲ್ಲ. ಆದ್ದರಿಂದ ಸಾರ್ವಜನಿಕ ಜಾಗಗಳಲ್ಲಿ ಬೇಟೆಗೆ ಅವಕಾಶ ಕೊಡುವ ವಾರ್ಷಿಕ ಸಾರ್ವಜನಿಕ ಬೇಟೆ ಪರವಾನಗಿಯಲ್ಲಿ ಆಸ್ಟಿನ್‌ಗೆ ಹತ್ತಿರವಿರುವ, ಜನಸಂದಣಿ ಕಡಿಮೆಯಿರುವ ಜಾಗಗಳನ್ನು ಬಲ್ಲವರು ದಯವಿಟ್ಟು ತಿಳಿಸಿ.

ಕೊಲೊರಾಡೊದಲ್ಲಿ ಎಲ್ಕ್ ಬೇಟೆಯ ಪರವಾನಗಿ ಹಂಚುವ ಲಾಟರಿಯ ಅರ್ಜಿ ಏಪ್ರಿಲ್ ಆರಂಭದಲ್ಲೇ ಮುಗಿಯುವುದರಿಂದ, ಹೊರರಾಜ್ಯದವರು ಮೊದಲ ವರ್ಷವೇ ಪರವಾನಗಿಗೆ ಪ್ರಯತ್ನಿಸುವುದು ಸೂಕ್ತವೋ, ಮುಂದಿನ ಲಾಟರಿಗಳಲ್ಲಿ ಆದ್ಯತೆ ತಂದುಕೊಡುವ ಆದ್ಯತಾ ಅಂಕವನ್ನಷ್ಟೇ ಕೂಡಿಸಿಕೊಳ್ಳುವುದು ಸೂಕ್ತವೋ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ನನ್ನಂತೆ ವಲಸೆಯೇತರ (ತಾತ್ಕಾಲಿಕ) ವೀಸಾದವರು ಬಂದೂಕು ಹೊಂದುವುದನ್ನು ನಿಷೇಧಿಸುವ ಫೆಡರಲ್ ಕಾನೂನು, ಊರ್ಜಿತದಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ನೀಡುತ್ತದೆ. ಹಾಗಿದ್ದರೆ ಆಗಸ್ಟ್ 31ರ ನಂತರ ನವೀಕರಣ ಒಂದೆರಡು ದಿನ ತಡವಾದರೂ, ಮನೆಯ ತಿಜೋರಿಯಲ್ಲಿ ಬೀಗ ಹಾಕಿಟ್ಟ ಬಂದೂಕು ಅಪರಾಧವಾಗುತ್ತದೆಯೇ? ಇದೇ ವೀಸಾದಲ್ಲಿದ್ದು ವಕೀಲರನ್ನು ವಿಚಾರಿಸಿದವರ ಉತ್ತರವನ್ನು ವಿಶೇಷವಾಗಿ ಕೋರುತ್ತೇನೆ.